ಎಂಟು ಮೊಳಕ್ಕೆ ಎಷ್ಟು?

ಒಂದಕ್ಕೆ ಇಷ್ಟಾದರೆ ಎಂಟಕ್ಕೆಷ್ಟು ಎನ್ನುವ ತ್ರೈರಾಶಿ ಬಂದವನನ್ನು ಯಾವ ಅಂಗಡಿಯವನೂ ಏಮಾರಿಸಲಾರ ಎಂದು ನಾನು ಬಹುಕಾಲ ನಂಬಿದ್ದೆ. ಪೀಣ್ಯದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ನಟ್ಟು ಬೋಲ್ಟುಗಳ ದರ ಜಗ್ಗಾಡಿ ಸಂಬಳ ಎಣಿಸುವವನು ನಾನು. ಮನೆಗೆ ಬಂದರೂ ಚಾಳಿ ಬಿಡದು. ಟೂತ್‌ಪೇಸ್ಟ್ ಕೊಳ್ಳುವಾಗಲೂ ನೂರು ಗ್ರಾಮಿಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುತ್ತ ನಿಂತುಬಿಡುತ್ತೇನೆ. ಹಿಂದಿನವರು "ಸಾರ್, ಸ್ವಲ್ಪ ಜಾಗ ಬಿಡಿ" ಎನ್ನುತ್ತಾರೆ. ಹೆಂಡತಿ ಸುಮ, ನನ್ನ ಪರಿಚಯವೇ ಇಲ್ಲದವಳಂತೆ ಸೋಪಿನ ಕಡೆ ಹೋಗುತ್ತಾಳೆ.

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಅವಳು, "ಎಂಟು ಮೊಳ ಮಲ್ಲಿಗೆ ತನ್ನಿ. ದೇವಿಗೆ, ಬರೋ ಮುತ್ತೈದೆಯರಿಗೆ, ನಂಗೆ. ನಿಮ್ಮ ಲೆಕ್ಕ ಮಾತ್ರ ತೆಗೀಬೇಡಿ" ಎಂದಳು. ಲಗ್ಗೆರೆಯ ನಮ್ಮ ಬೀದಿಯ ಕೊನೆಯಲ್ಲಿ ಇಬ್ಬರು ಹೂವಿನವರು. ಎತ್ತರದ ಅಕ್ಕ ಮೊಳಕ್ಕೆ ಮೂವತ್ತು ಎಂದರು, ಪಕ್ಕದ ಕುಳ್ಳಗಿನ ಅಜ್ಜಿ ಇಪ್ಪತ್ತೈದು. ಅಲ್ಲಿ ಎಂಟಕ್ಕೆ ಇನ್ನೂರ ನಲವತ್ತು, ಇಲ್ಲಿ ಇನ್ನೂರು! ಅಜ್ಜಿ ಮೊಣಕೈಯಿಂದ ಬೆರಳ ತುದಿಯವರೆಗೆ ಎಂಟು ಸಲ ಅಳೆದು ಕೊಟ್ಟರು. ಗತ್ತಿನಿಂದ ಮನೆಗೆ ಬಂದೆ.

ಸುಮ ತನ್ನ ಕೈಯಲ್ಲಿ ಅಳೆದಳು. ಆರೇ ಮೊಳ! ಮತ್ತೆ ಅಳೆದಳು. ಆರೇ. "ಅಲ್ರೀ, ಯಾರ ಕೈಯಲ್ಲಿ ಅಳೆಸಿದ್ರಿ?" ಎಂದಳು. ಅಯ್ಯೋ ನನ್ನ ಕರ್ಮವೇ! ದರ ನೋಡಿದವನು ಮೊಳ ನೋಡಿರಲಿಲ್ಲ. ಇನ್ನೂರನ್ನು ಆರರಿಂದ ಭಾಗಿಸಿದರೆ ಮೊಳಕ್ಕೆ ಮೂವತ್ತಮೂರರ ಮೇಲೆ ಬಿತ್ತು. ಇದನ್ನೂ ಬಾಯಿಬಿಟ್ಟು ಹೇಳಿ ಇನ್ನಷ್ಟು ಬೈಸಿಕೊಂಡೆ.

ಆರು ಮೊಳ ದೇವಿಗೂ ಬಂದವರಿಗೂ ಮುಗಿದುಹೋಯಿತು. ಹಬ್ಬಕ್ಕೆ ಬಂದಿದ್ದ ನಮ್ಮತ್ತೆ, "ಏನೇ, ಇವತ್ತೂ ತಲೇಲಿ ಹೂವಿಲ್ವಲ್ಲೇ?" ಎಂದು ಮಗಳನ್ನು ಕೇಳಿದರು. "ಮುಡ್ಕೋತೀನಿ ಇರಮ್ಮ" ಎಂದವಳ ದನಿ ಸಣ್ಣದಾಗಿತ್ತು. ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು.

ಚಪ್ಪಲಿ ಮೆಟ್ಟಿ ಓಡಿದೆ. ಎತ್ತರದ ಅಕ್ಕ, "ಈಗ ನಲವತ್ತು ಸಾರ್. ಹೂ ಎಲ್ಲಿದೆ ಹೇಳಿ" ಎಂದರು. ಚೌಕಾಸಿ ಮಾಡದೆ ಎರಡು ಮೊಳ ತಂದೆ.

ಸುಮ ಮುಡಿದುಕೊಂಡಳು. ಅತ್ತೆಗೆ ಹಿಗ್ಗೋ ಹಿಗ್ಗು. "ನೋಡೇ, ಹೆಂಡ್ತಿಗೆ ಅಂತ ಎರಡನೇ ಸಲ ಹೋಗಿ ತಂದ್ರು. ದುಡ್ಡಿನ ಮುಖ ನೋಡೋರಲ್ಲ ನಮ್ಮಳಿಯ!" ಎಂದರು. ಸುಮ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿದಳು. ನಾನು ತಲೆ ತಗ್ಗಿಸಿ, "ಅವಳಿಗಿಂತ ದುಡ್ಡು ಹೆಚ್ಚೇನತ್ತೆ?" ಎಂದುಬಿಟ್ಟೆ.