ಅತ್ತೆ ಬಡಿದು ನೋಡಿದ ಹೆಡ್‌ಫೋನು

ನಮ್ಮ ಸೋದರತ್ತೆ ಬಡಿದು ನೋಡದೆ ಯಾವುದನ್ನೂ ನಂಬುವವಳಲ್ಲ. ಅಯ್ಯೋ, ತೆಂಗಿನಕಾಯಿ, ಹಲಸಿನಹಣ್ಣು, ಮಡಕೆ ಇವನ್ನೆಲ್ಲ ಎಲ್ಲರೂ ಬಡಿದೇ ಕೊಳ್ಳುತ್ತಾರೆ, ಇದರಲ್ಲೇನು ವಿಶೇಷ ಅನ್ನುತ್ತೀರಾ? ಸ್ವಲ್ಪ ತಾಳಿ. ಜನ ಇನ್ನೊಬ್ಬರ ಮನೆ ಬಾಗಿಲು ಬಡಿಯುವುದು ಒಳಗಿನವರು ಬಂದು ತೆಗೆಯಲಿ ಅಂತ. ನಮ್ಮತ್ತೆ ಬಡಿಯುವುದು ಅದು ಯಾವ ಮರ ಅಂತ ತಿಳಿಯುವುದಕ್ಕೆ! ಒಳಗಿನವರು ಚಿಲಕ ತೆಗೆಯುವಷ್ಟರಲ್ಲಿ ಹೊರಗೆ ತೀರ್ಪು ಬಂದಿರುತ್ತದೆ: “ಬೇವು ಕಣ್ಲಾ. ತ್ಯಾಗ ಅಂದ್ಬುಟ್ಟು ಮಾರವ್ರೆ.” ತೇಗ ಅನ್ನುವುದು ಅತ್ತೆಯ ಬಾಯಲ್ಲಿ ತ್ಯಾಗ. ತೇಗದ ದುಡ್ಡು ಕೊಟ್ಟು ಬೇವು ತಂದವರ ಪಾಲಿಗೆ ಆ ಮಾತೂ ಸರಿಯೇ!

ಅರಕಲಗೂಡಿನಲ್ಲಿ ಮಾವನದೊಂದು ಪಾತ್ರೆ ಅಂಗಡಿ ಇದೆ. ಬೋರ್ಡಿನ ಮೇಲೆ ಮಾವನ ಹೆಸರು. ಅಂಗಡಿ ನಡೆಯುವುದು ಮಾತ್ರ ಅತ್ತೆಯ ಬಲಗೈ ನಡುಬೆರಳಿನ ಗೆಣ್ಣಿನ ಮೇಲೆ. ಹಳೆಯ ಹಿತ್ತಾಳೆ ಕೊಟ್ಟು ಹೊಸದು ಒಯ್ಯುವವರು, ಮಗಳ ಮದುವೆಗೆ ಹಂಡೆ, ಕೊಳಗ ಕೊಳ್ಳುವವರು, ಎಲ್ಲರೂ ಅತ್ತೆ ಬಡಿಯುವ ತನಕ ಉಸಿರು ಹಿಡಿದು ನಿಂತಿರುತ್ತಾರೆ. ಅತ್ತೆಯ ನಿಘಂಟಿನಲ್ಲಿ ಮೂರೇ ಪದ. ಒಳ್ಳೆಯ ಪಾತ್ರೆ “ಹಾಡ್ತದೆ”. ಕಣ್ಣಿಗೆ ಕಾಣದ ಬಿರುಕಿದ್ದರೆ “ಕೆಮ್ತದೆ”. ಬೆಸುಗೆ ಹಾಕಿ, ಪಾಲಿಶ್ ಮಾಡಿ ತಂದಿದ್ದರೆ “ಸುಳ್ ಯೋಳ್ತದೆ”. ಬೇರೆ ಅಂಗಡಿಯಲ್ಲಿ ಕೊಂಡವರೂ ನಾಚಿಕೆ ಬಿಟ್ಟು ನಮ್ಮಲ್ಲಿಗೆ ತಂದು ಒಂದು ಏಟು ಹಾಕಿಸಿಕೊಂಡು ಹೋಗುತ್ತಾರೆ. ಆ ಕಿವಿಗೆ ಅಷ್ಟು ಹೆಸರು.

ನಮ್ಮಕ್ಕನಿಗೆ ಚನ್ನರಾಯಪಟ್ಟಣದ ಕಡೆ ಗಂಡು ನೋಡಲು ಹೋಗಿದ್ದೆವು. ಹುಡುಗ ಚೆನ್ನಾಗಿದ್ದ, ಮನೆ ಚೆನ್ನಾಗಿತ್ತು, ಉಪ್ಪಿಟ್ಟು ಇನ್ನೂ ಚೆನ್ನಾಗಿತ್ತು. ಕಾಫಿ ಬಂತು. ಅತ್ತೆ ಕುಡಿದು ಮುಗಿಸಿ ಲೋಟಕ್ಕೆ ಗೆಣ್ಣಿನಿಂದ ಒಂದು ಏಟು ಕೊಟ್ಟಳು. ಮುಖ ಸಿಂಡರಿಸಿತು. ವಾಪಸ್ ಬರುವಾಗ ಕಾರಿನಲ್ಲಿ ಬಾಂಬು ಹಾಕಿದಳು: “ಲೋಟ ಕೆಮ್ತದೆ. ಲೋಟನೇ ನೋಡಿ ತರದೆ ಇರೋರು ಸೊಸೇನ ಏನ್ ನೋಡ್ಕಂಡಾರು?” ಎಲ್ಲರೂ ಚಿಂತೆಗೆ ಬಿದ್ದೆವು. ಮಾವನದು ಮೊದಲಿನಿಂದಲೂ ಮೆಲುದನಿ. ಕಿಟಕಿಯ ಕಡೆ ತಿರುಗಿಕೊಂಡು, “ಆ ಲೋಟದ ತಳದಾಗೆ ನಮ್ ಅಂಗ್ಡಿ ಸೀಲೇ ಇತ್ತಲ್ಲ” ಅಂದರು.

ಮದುವೆ ನಡೆಯಿತು.

ಇನ್ನೊಮ್ಮೆ ದೊಡ್ಡಗದ್ದವಳ್ಳಿಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಹೊಯ್ಸಳರ ಕಾಲದ ಗುಡಿ, ಜನ ಕೆತ್ತನೆ ನೋಡಿ ಬಾಯಿ ಬಿಡುತ್ತಾರೆ. ಅತ್ತೆ ಕಂಬಕ್ಕೆ ಕಿವಿ ಕೊಟ್ಟು ಟಕ್ ಟಕ್ ಅನ್ನಿಸುತ್ತಿದ್ದಳು. ಕಾವಲಿನವನು ಓಡಿ ಬಂದು ಮುಟ್ಟಬಾರದಮ್ಮ ಅಂದ. ಅತ್ತೆ ಅವನಿಗೆ ಸಮಾಧಾನ ಹೇಳುವ ಧಾಟಿಯಲ್ಲಿ, “ಎದ್ರುಕೋಬ್ಯಾಡ ಕಣಪ್ಪ, ಎಲ್ಲೂ ಟೊಳ್ಳಿಲ್ಲ. ಕಂಟ್ರಾಕ್ಟ್ರು ಮೋಸ ಮಾಡಿಲ್ಲ” ಅಂದಳು. ಒಂಬೈನೂರು ವರ್ಷದ ಮೇಲೆ ಆ ಕಾಮಗಾರಿಗೆ ಕೊನೆಗೂ ಬಿಲ್ ಪಾಸಾಯಿತು!

ಇಂಥ ಅತ್ತೆಯ ಮುಂದೆ ನಾನೊಂದು ಹೆಡ್‌ಫೋನು ತೆಗೆದುಕೊಂಡು ಹೋದೆ ಅಂದರೆ ನನ್ನ ಧೈರ್ಯ ಎಂಥದ್ದು ಅಂತ ಲೆಕ್ಕ ಹಾಕಿ.

ನಾನು ಹಾಸನದಲ್ಲಿ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತೇನೆ. ಶಬ್ದದ ವಿಷಯವನ್ನು ಯಾರೂ ಕಲಿಸಲಿಲ್ಲ. ಮೊಬೈಲಿನಲ್ಲಿ ಕಂಡವರ ವಿಡಿಯೋ ನೋಡಿ ನೋಡಿ ನಾನೇ ಕಲಿತದ್ದು. ಹಾಗೆ ಕಲಿತವರಿಗೆ ಒಂದು ಕಾಯಿಲೆ ಇರುತ್ತದೆ: ಕಲಿತದ್ದನ್ನು ಹೇಳದಿದ್ದರೆ ಅನ್ನ ಅರಗುವುದಿಲ್ಲ. ಆದ್ದರಿಂದ ನೀವೂ ಕೇಳಲೇಬೇಕು. ಮಾಮೂಲಿ ಹೆಡ್‌ಫೋನಿನಲ್ಲಿ ಒಂದು ಪುಟ್ಟ ಬಟ್ಟಲು ಅಲ್ಲಾಡಿ ಶಬ್ದ ಹುಟ್ಟುತ್ತದೆ. ನನ್ನದು ಪ್ಲೇನಾರ್ ಮ್ಯಾಗ್ನೆಟಿಕ್! ಇದರಲ್ಲಿ ಬಟ್ಟಲಿಲ್ಲ. ಈರುಳ್ಳಿಯ ಒಳಸಿಪ್ಪೆಗಿಂತ ತೆಳ್ಳಗಿನ ಒಂದು ಹಾಳೆ, ಅದರ ಮೇಲೆ ರಂಗೋಲಿ ಎಳೆದ ಹಾಗೆ ಲೋಹದ ಗೆರೆ, ಆಚೆ ಈಚೆ ಸಾಲು ಅಯಸ್ಕಾಂತ. ಕರೆಂಟು ಹರಿದರೆ ಇಡೀ ಹಾಳೆ ಒಟ್ಟಿಗೇ ನಡುಗುತ್ತದೆ. ಬೆಲೆ ಕೇಳಬೇಡಿ, ಅಮ್ಮನಿಗೆ ಹೇಳಿದ್ದೇ ಬೇರೆ.

ಮೊದಲ ದಿನದ ಅನುಭವ: ಕತ್ತು ನೋವು. ಅರ್ಧ ಕೆ.ಜಿ. ಬೆಲ್ಲವನ್ನು ನೆತ್ತಿಯ ಮೇಲಿಟ್ಟುಕೊಂಡು ಸಂಗೀತ ಕೇಳಿದರೆ ಇನ್ನೇನಾದೀತು? ಎರಡನೆಯದು, ಇದಕ್ಕೆ ಹಿಂಬದಿ ಮುಚ್ಚಿಲ್ಲ, ಬರೀ ಜಾಲರಿ. ನಾನು ಕೇಳಿದ್ದೆಲ್ಲ ಊರಿಗೂ ಕೇಳುತ್ತದೆ. ನಾನು ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದರೆ ಅಡುಗೆಮನೆಯಿಂದ ಅಮ್ಮ ಜೊತೆಗೂಡಿ ಹಾಡುತ್ತಿದ್ದಳು, ಅದೂ ಅರ್ಧ ತಾಳ ಮುಂದೆ!

ಆದರೆ ಮೂರನೆಯದಿದೆಯಲ್ಲ, ಅದಕ್ಕೆ ಈ ಕತ್ತನ್ನು ಒಪ್ಪಿಸಬಹುದು. ನೂರು ಸಲ ಎಡಿಟ್ ಮಾಡಿದ್ದ ಹಳೆಯ ಮದುವೆಯೊಂದನ್ನು ಹಾಕಿದೆ. ಗಟ್ಟಿಮೇಳದ ಅಬ್ಬರದ ಕೆಳಗೆ ಇಷ್ಟು ದಿನ ಕೇಳದೇ ಇದ್ದ ಒಂದು ಲೋಕವೇ ಇತ್ತು. ಬಳೆಯ ಸದ್ದು, ಯಾರೋ ಮೂಗೊರೆಸಿಕೊಂಡದ್ದು, ಪುರೋಹಿತರು ಮಂತ್ರದ ನಡುವೆ ಬಸ್ಸಿನ ಟೈಮು ವಿಚಾರಿಸಿದ್ದು, ಹಿಂದಿನ ಸಾಲಿನಲ್ಲಿ ಒಬ್ಬರು ಪಾಯಸ ಮುಗಿಯಿತಂತೆ ಅಂತ ಗಾಬರಿಯಿಂದ ಪಿಸುಗುಟ್ಟಿದ್ದು. ತಾಳಿ ಕಟ್ಟುವ ಕ್ಷಣದಲ್ಲಿ ಪಾಯಸದ ಚಿಂತೆ! ನನಗೆ ರೋಮಾಂಚನವಾಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಮುದ್ರೆ ಬೀಳಬೇಕಿತ್ತು. ನಮ್ಮ ಮನೆಯಲ್ಲಿ ಸದ್ದು ಮಾಡುವ ಯಾವ ವಸ್ತುವೂ ಅತ್ತೆ ಒಪ್ಪದೆ ಒಳ್ಳೆಯದಾಗುವುದಿಲ್ಲ. ಭಾನುವಾರ ಬಸ್ಸು ಹತ್ತಿ ಅರಕಲಗೂಡಿಗೆ ಹೋದೆ.

ಅತ್ತೆ ಅದನ್ನು ಎರಡು ಕೈಯಲ್ಲೂ ತೂಗಿದಳು. ತೂಕ ಚೆನ್ನಾಗಿದೆ, ಹಳೇದಾದ ಮೇಲೆ ಎಕ್ಸ್‌ಚೇಂಜಿಗೆ ಹಾಕಬಹುದು ಅಂದಳು. ಆಮೇಲೆ ನಾನು ಬೇಡ ಅನ್ನುವಷ್ಟರಲ್ಲಿ ಗೆಣ್ಣು ಎತ್ತಿ ಒಂದು ಕೊಟ್ಟೇಬಿಟ್ಟಳು. ಈರುಳ್ಳಿ ಸಿಪ್ಪೆಯ ಜೊತೆ ನನ್ನ ಪ್ರಾಣವೂ ನಡುಗಿತು! ನಾನೇ ಅವಳ ತಲೆಗೆ ಹಾಕಿದೆ. ಎರಡು ಕಿವಿಗೂ ಇಡ್ಲಿ ತಟ್ಟೆ ಕಟ್ಟಿಕೊಂಡ ಹಾಗೆ ಕಾಣುತ್ತಿದ್ದಳು. ರುದ್ರಪಟ್ಟಣದ ಕಡೆಯ ವಿದ್ವಾಂಸರೊಬ್ಬರ ಹಾಡಿನ ರೆಕಾರ್ಡಿಂಗು ಹಾಕಿದೆ. ಅದರಲ್ಲಿ ಗಾಯಕರು ನಡುವೆ, ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು, ಎದುರಿಗೇ ಕೂತ ಹಾಗೆ ಬೇರೆ ಬೇರೆಯಾಗಿ ಕೇಳುತ್ತದೆ.

ಅತ್ತೆ ಕಣ್ಣು ಮುಚ್ಚಿ ಕೇಳಿದಳು. ಕಣ್ಣು ಬಿಟ್ಟಳು.

“ಮೃದಂಗದೋನು ಬಂದಿಲ್ವೇನ್ಲಾ?”

“ಬಂದವ್ನೆ ಕಣತ್ತೆ. ಎಡಗಡೆ ಕುಂತವ್ನೆ, ಕೇಳು.”

“ಎಡಗಡೆ ಯಾರೂ ಇಲ್ಲ. ಇದ್ರ ಎಡಗಡೆದು ಸತ್ತೋಗದೆ.”

ಹೊಸ ಪದ! ಹಾಡುವುದೂ ಅಲ್ಲ, ಕೆಮ್ಮುವುದೂ ಅಲ್ಲ, ನೇರವಾಗಿ ಸಾವು! ನಾನು ಕಿತ್ತುಕೊಂಡು ಹಾಕಿಕೊಂಡೆ. ಮೃದಂಗ ಧೀಂ ಅನ್ನುತ್ತಿತ್ತು. ಎರಡೂ ಸರಿಯಾಗಿವೆ ಅಂದೆ. ಅತ್ತೆ ನಗಲಿಲ್ಲ. “ಕಾಸು ಕೊಟ್ಟೋನ ಕಿವಿ ಯಾವಾಗ್ಲೂ ಸುಳ್ ಯೋಳ್ತದೆ ಅಳಿಮಯ್ಯ” ಅಂದಳು. ಹೆಡ್‌ಫೋನು ಕೊಳ್ಳುವ ಪ್ರತಿಯೊಬ್ಬನ ಹಣೆಯ ಮೇಲೆ ಬರೆದು ಅಂಟಿಸಬೇಕಾದ ಮಾತು!

ನಾನು ಬಿಡಲಿಲ್ಲ. ಹೆಡ್‌ಫೋನನ್ನು ತಿರುವುಮುರುವು ಮಾಡಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬರುವ ಹಾಗೆ ಮತ್ತೆ ಹಾಕಿದೆ. ಅತ್ತೆ ತಲೆಯಾಡಿಸಿದಳು. “ಈಗ ಮೃದಂಗದೋನು ಬಂದ. ಪಿಟೀಲಿನೋನು ಎದ್ದೋದ. ಇಬ್ರಿಗೂ ಜಗ್ಳವಾ?” ಅಂದಳು. ಈಗಲೂ ಸತ್ತಿರುವುದು ಎಡಗಡೆಯೇ ಅಂತ ಷರಾ ಬರೆದಳು.

ಮೂರನೇ ಕ್ಲಾಸಿನ ಹುಡುಗನಿಗೂ ಇಲ್ಲಿ ಏನೋ ಹೊಳೆಯಬೇಕಿತ್ತು. ನನಗೆ ಹೊಳೆಯಲಿಲ್ಲ ನೋಡಿ! ನನ್ನ ತಲೆಯಲ್ಲಿ ಓಡಿದ ತರ್ಕ ಇದು: ಅತ್ತೆಯ ಕಿವಿ ತಪ್ಪುವುದಿಲ್ಲ, ಆದ್ದರಿಂದ ಈ ಹೆಡ್‌ಫೋನಿಗೆ ತಿರುಗಿಸಿದರೂ ಬಿಡದ, ಭೂಮಿಯ ಮೇಲೆ ಯಾರಿಗೂ ಬಾರದ ಒಂದು ರೋಗ ಬಂದಿದೆ. ಹಾಸನಕ್ಕೆ ಬಂದು ಎರಡು ದಿನ ಬರೀ ಎಡಗಡೆಯನ್ನೇ ಕೇಳಿದೆ. ಕೇಳುತ್ತ ಕೇಳುತ್ತ ನನಗೂ ಎಡಗಡೆ ಒಂದು ಚೂರು ಮಂಕು ಅನ್ನಿಸತೊಡಗಿತು. ನಮ್ಮತ್ತೆಯ ಪ್ರಭಾವ ಅಂದರೆ ಅಷ್ಟು! ಮೂರನೇ ದಿನ ಹೊಳೆನರಸೀಪುರಕ್ಕೆ ಹೋದೆ. ಅಲ್ಲೊಬ್ಬರು ರಿಪೇರಿಯವರಿದ್ದಾರೆ, ರೇಡಿಯೋ ಕಾಲದಿಂದ ಇರುವವರು. ಅವರು ಮೀಟರಿಟ್ಟು ನೋಡಿದರು, ತಾವೇ ಹಾಕಿಕೊಂಡು ಕೇಳಿದರು, ಎರಡು ಹಾಡು ಪೂರ್ತಿ ಕೇಳಿದರು, ತೆಗೆಯಲು ಮನಸ್ಸಿಲ್ಲದೆ ಮೂರನೆಯದನ್ನೂ ಕೇಳಿದರು.

“ಎರಡೂ ಕಡೆ ಒಂದೇ ತೂಕ ಸಾ. ಯಾರು ಕೆಟ್ಟದೆ ಅಂದೋರು?”

“ನಮ್ಮತ್ತೆ.”

“ಅಂಗಾರೆ ಇದ್ನ ತಗಂಡೋಗಿ, ಅವ್ರನ್ನ ಕರ್ಕಂಬನ್ನಿ.”

ನಾನು ಜೋರಾಗಿ ನಕ್ಕೆ. ಬಸ್‌ಸ್ಟ್ಯಾಂಡಿನ ತನಕ ನಗುತ್ತಲೇ ನಡೆದೆ. ಅರಕಲಗೂಡಿನ ಬಸ್ಸು ಹತ್ತಿ ಕೂತ ಮೇಲೆ ನಗು ನಿಂತಿತು. ಹೆಡ್‌ಫೋನು ತಿರುಗಿಸಿದರೂ ಸತ್ತದ್ದು ಎಡಗಡೆಯೇ. ತಿರುಗದೆ ಇದ್ದದ್ದು ಒಂದೇ ಒಂದು.

ಅಂಗಡಿಗೆ ಹೋದಾಗ ಮದುವೆ ಮನೆಯವರೊಬ್ಬರು ಕೊಳಗಗಳ ರಾಶಿ ಹಾಕಿಸಿಕೊಂಡು ಕೂತಿದ್ದರು. ಅತ್ತೆ ಒಂದೊಂದನ್ನೇ ಬಡಿಯುತ್ತಿದ್ದಳು. ನಾನು ಮೆಟ್ಟಿಲ ಮೇಲೆ ನಿಂತು ಮೊದಲ ಸಲ ಸರಿಯಾಗಿ ನೋಡಿದೆ. ಪ್ರತಿ ಸಲವೂ ಕೊಳಗವನ್ನು ಬಲಗಿವಿಯ ಹತ್ತಿರ ಒಯ್ಯುತ್ತಿದ್ದಳು. ತೀರ್ಪುಗಳೇನೋ ಸರಿಯಾಗಿಯೇ ಇದ್ದವು. ಆದರೆ ಎಡಗಡೆ ಗಲ್ಲಾದಲ್ಲಿ ಕೂತ ಮಾವ ಎರಡು ಸಲ ಏನೋ ಕೇಳಿದರು. ಅತ್ತೆ ತಿರುಗಿಯೂ ನೋಡಲಿಲ್ಲ. ಬಂದ ಗಿರಾಕಿಗಳು ಹೋದ ಮೇಲೆ ಮಾವ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮತ್ತೆಗೆ ನನ್ನ ಮೇಲೆ ಯಾತರ ಸಿಟ್ಟು ಅಂತ ನೀನಾದರೂ ಕೇಳು, ವರ್ಷವಾಯಿತು, ಮಾತಾಡಿಸಿದರೆ ಮಾತಿಲ್ಲ ಅಂದರು. ಸಿಟ್ಟು ಇಳಿಯಲಿ ಅಂತ ಪ್ರತಿ ಶುಕ್ರವಾರ ಎರಡು ಮೊಳ ಮಲ್ಲಿಗೆ ತರುತ್ತಿದ್ದರಂತೆ! ಅತ್ತೆ ಮುಡಿದುಕೊಳ್ಳುತ್ತಿದ್ದಳಂತೆ, ಕಾರಣ ಕೇಳುತ್ತಿರಲಿಲ್ಲವಂತೆ.

ನಾನು ಅತ್ತೆಯ ಬಲಗಡೆ ಹೋಗಿ ಕೂತೆ. ಹೇಗೆ ಶುರು ಮಾಡುವುದು? ಹೆಡ್‌ಫೋನು ತೊಡೆಯ ಮೇಲಿಟ್ಟುಕೊಂಡು, ರಿಪೇರಿಯವರು ಎರಡೂ ಕಡೆ ಸರಿಯಾಗಿದೆ ಅಂದರು ಅಂದೆ.

ಅತ್ತೆ ಬಹಳ ಹೊತ್ತು ಒಂದು ಕೊಳಗದ ಅಂಚನ್ನು ಸೆರಗಿನಿಂದ ಒರೆಸಿದಳು. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

“ಓದ್ ವರ್ಸದಿಂದ ಅನ್ಮಾನ ಇತ್ತು ಕಣ್ಲಾ” ಅಂದಳು. “ನಿನ್ ಯಂತ್ರನೇ ಕೆಟ್ಟಿರ್ಲಿ ಅಂತ ಮೂರ್ ದಿವ್ಸದಿಂದ ದ್ಯಾವ್ರಿಗೆ ಕೈ ಮುಗೀತಿದ್ದೆ.”

ಯಾರಿಗೂ ಹೇಳಬೇಡ ಅಂದಳು. ಅವಳ ಅಜ್ಜಿಗೂ ಹೀಗೇ ಆಗಿತ್ತಂತೆ. ಊರವರು ಹೆಸರು ಮರೆತು ಸಾಯುವ ತನಕ ಕೆಪ್ಪಿ ಅಂತಲೇ ಕರೆದರಂತೆ. ಪಾತ್ರೆ ಬಡಿಯುವವಳೇ ಕೆಪ್ಪಿ ಅಂತ ಗೊತ್ತಾದರೆ ಈ ಮೆಟ್ಟಿಲು ಯಾರು ಹತ್ತುತ್ತಾರೆ ಅಂದಳು. ಒಂದೇ ಕಿವಿಯಲ್ಲಿ ಇವತ್ತು ಅಷ್ಟೂ ಕೊಳಗ ಸರಿಯಾಗಿ ಆರಿಸಿದೆಯಲ್ಲ, ಎರಡಿದ್ದವರು ತೋರಿಸಲಿ ನೋಡೋಣ ಅಂದೆ. ಹಾಸನದಲ್ಲಿ ಕಿವಿ ಡಾಕ್ಟರಿಗೆ ತೋರಿಸೋಣ, ಒಂದು ವರ್ಷ ಸುಮ್ಮನಿದ್ದದ್ದೇ ತಪ್ಪು ಅಂತ ಗದರಿದೆ ಕೂಡ. ಅತ್ತೆಗೆ ನಾನು ಗದರಿದ್ದು ಜೀವನದಲ್ಲಿ ಅದೇ ಮೊದಲು! ಸೋಮವಾರ ಬರುತ್ತೇನೆ ಅಂತ ಒಪ್ಪಿದಳು. ಆಮೇಲೆ ಸಣ್ಣ ಮಗುವಿನ ಹಾಗೆ ಕೇಳಿದಳು.

“ಎರಡೂ ಕಡೆದು ಒಂದೇ ಕಿವೀಲಿ ಬರೋ ಅಂಗೆ ಮಾಡಕಾಯ್ತದಾ?”

ಆಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೋ ಅಂತ ಒಂದು ಗುಂಡಿ ಇದೆ. ಒತ್ತಿದರೆ ಎಡ, ಬಲ ಎರಡೂ ಕಲೆತು ಒಂದಾಗುತ್ತವೆ. ಹೆಡ್‌ಫೋನು ಪ್ರಿಯರ ಲೋಕದಲ್ಲಿ ಇದಕ್ಕಿಂತ ಘೋರ ಪಾಪ ಇನ್ನೊಂದಿಲ್ಲ. ಎಡಬಲ ಬೇರೆಯಾಗಿ ಕೇಳಲಿ ಅಂತಲೇ ಅಲ್ಲವೇ ನಾನು ಅಷ್ಟು ದುಡ್ಡು ಸುರಿದದ್ದು! ಒತ್ತಿದೆ. ಅತ್ತೆಯ ತಲೆಗೆ ಹಾಕಿದೆ. ಗಾಯಕರು, ಮೃದಂಗ, ಪಿಟೀಲು, ಎಲ್ಲರೂ ಇಕ್ಕಟ್ಟಿನಲ್ಲಿ ಒಂದೇ ಬೆಂಚಿನ ಮೇಲೆ ಕೂತಂತಾಗಿರಬೇಕು. ಅತ್ತೆಯ ಬೆರಳು ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು.

ಹಿಂದಿನ ಜಾಲರಿಯಿಂದ ಸೋರಿದ ಹಾಡು ಅಂಗಡಿಯಲ್ಲೆಲ್ಲ ಸಣ್ಣಗೆ ಹರಡಿತ್ತು. ನಮ್ಮ ಮಾತು ಮಾವನಿಗೆ ಅಷ್ಟೂ ಕೇಳಿಸಿತ್ತು. ಅವರು ಎದ್ದರು. ಇಪ್ಪತ್ತೈದು ವರ್ಷದಿಂದ ಜಾಗ ಬಿಟ್ಟು ಕದಲದ ಗಲ್ಲಾ ಪೆಟ್ಟಿಗೆಯನ್ನು ಏದುಸಿರು ಬಿಡುತ್ತ ಎಳೆದುಕೊಂಡು, ಊದುಬತ್ತಿ ಸ್ಟ್ಯಾಂಡು, ಕುರ್ಚಿ, ದಿಂಬು ಸಮೇತ ಅತ್ತೆಯ ಬಲಗಡೆಗೆ ಬಂದರು. ನಾನು ಎದ್ದು ಜಾಗ ಬಿಟ್ಟೆ.

ಅತ್ತೆ ಹೆಡ್‌ಫೋನು ತೆಗೆದು, ಇದೇನು ಅನ್ನುವ ಹಾಗೆ ನೋಡಿದಳು. ಮಾವ ಬೆವರು ಒರೆಸಿಕೊಂಡು, ಎಂದಿನ ಮೆಲುದನಿಯಲ್ಲೇ, “ಕಾಪಿ ತರ್ಸ್ಲಾ?” ಅಂದರು.

“ಊಂ, ತರ್ಸಿ” ಅಂದಳು ಅತ್ತೆ.