ಅಂಬಿಕಾನಗರದವರು ಬಿಟ್ಟುಹೋದ ಸಾಮಾನು

ಸುವರ್ಣಾ: ಒಗದೇನಿ ಅಂದ್ರ? ಎಲ್ಲಿ ಒಗದ್ರಿ?

ಉಳವಪ್ಪ: ಒಗದೇನಿ ಅಂದ್ರ ಒಗದೇನಿ. ಮೊದಲ ಕಸದ ಬುಟ್ಟ್ಯಾಗ ಹಾಕಿದೆ. ಬುಟ್ಟಿ ತುಂಬಿತು. ಖಾಲಿ ಮಾಡಿದೆ. ತುಂಬಿದ ಬುಟ್ಟಿ ಹಂಗ ಇಟ್ಟರ ನೀನ ಬೈತಿ.

ಸುವರ್ಣಾ: ಅಡಗಿ ಮನಿ ಬುಟ್ಟಿ ಬ್ಯಾರೆ, ಕಂಪ್ಯೂಟರ್ ಬುಟ್ಟಿ ಬ್ಯಾರೆ ರೀ!

ಉಳವಪ್ಪ: ಬುಟ್ಟಿ ಬ್ಯಾರೆ ಇರಬಹುದು. ಕಸಾ ಕಸಾನ.

ದಾಂಡೇಲಿಯ ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇಂದು ಉಳವಪ್ಪನಿಗೆ ವಾರದ ರಜೆ. ಆ ಮನೆಗೆ ಇದಕ್ಕಿಂತ ಅಪಾಯದ ದಿನ ಇನ್ನೊಂದಿಲ್ಲ. ಕಾರ್ಖಾನೆಯ ಉಗ್ರಾಣದಲ್ಲಿ ಸಾಮಾನು ಎಣಿಸಿ, ಸರಿಸಿ, ಗುಜರಿಗೆ ಕಳಿಸಿ ರೂಢಿಯಾದ ಕೈ. ಸುಮ್ಮನೆ ಕುಳಿತರೆ ತುರಿಸುತ್ತದೆ. ಹಿಂದಿನ ರಜೆಯಲ್ಲಿ ಮಿಕ್ಸರ್ ಬಿಚ್ಚಿದ್ದ. ಅದು ಇನ್ನೂ ಕಪಾಟಿನ ಮೇಲೆ ಬಿಚ್ಚಿಕೊಂಡೇ ಕುಳಿತಿದೆ. ಈ ಸಲ ಪಾಳಿ ಬಂದದ್ದು ಕಂಪ್ಯೂಟರಿಗೆ. ಸುವರ್ಣಾ ಮನೆಯಲ್ಲೇ ಕುಳಿತು ಲಗ್ನಪತ್ರಿಕೆ ಹೊಂದಿಸಿಕೊಡುವುದು ಅದರಲ್ಲೇ. ಈಗ ಅದರ ಪರದೆ ಬಾಣಲೆಯ ತಳದಷ್ಟು ಕಪ್ಪಾಗಿದೆ. ನಡುವೆ ಬೆಳ್ಳಗೆ ಎರಡು ಸಾಲು ಇಂಗ್ಲಿಷು, ಅಷ್ಟೇ.

ಸುವರ್ಣಾ: ಏನೇನ್ ತಗದ್ರಿ, ಒಂದೊಂದ ಹೇಳ್ರಿ.

ಉಳವಪ್ಪ: ನೀನ ಅಂದಿದ್ದಿ, ಕಂಪ್ಯೂಟರ್ ನಿಧಾನ ಆಗೇತಿ, ಜಾಗಾ ಇಲ್ಲ ಅಂತ. ನಾ ಒಳಗ ಹೊಕ್ಕು ನೋಡಿದೆ. ಅಬಬಬ! ಒಂದು ಕ್ವಾಣಿ ತುಂಬ ಅಡಗಲಜ್ಜಿ ಕಾಲದ ಸಾಮಾನು. ನಾವು ಇದನ್ನ ಅಂಬಿಕಾನಗರದ ಸಾಹೇಬ್ರ ಕಡಿಯಿಂದ ತಗೊಂಡದ್ದು ಹೋದ ವರ್ಷ, ಹೌದಿಲ್ಲೋ? ಆ ಸಾಮಾನಿನ ಮ್ಯಾಲ ತಾರೀಕು ನೋಡಿದ್ರ ಅದಕ್ಕೂ ಎಷ್ಟೋ ವರ್ಷ ಹಿಂದಿಂದು. ಅಂದ್ರ ಅದು ನಮ್ಮದಲ್ಲ. ಅವ್ರು ಬಿಟ್ಟುಹೋದದ್ದು.

ಸುವರ್ಣಾ: ಅದು ಅವ್ರದೂ ಅಲ್ರಿ! ಅದು ಕಂಪ್ಯೂಟರಿನ ಸ್ವಂತ ಫೈಲು. ಅದರ ಮ್ಯಾಲ ಕಂಪ್ಯೂಟರ್ ನಿಂತಿರತೈತಿ.

ಉಳವಪ್ಪ: ಈ ಕ್ವಾರ್ಟರ್ಸಿಗೆ ಬಂದ ದಿನಾ ನೀ ಏನಂದಿ? ಹಿಂದಿನವ್ರು ಬಿಟ್ಟುಹೋದ ಮುರುಕ ಮಂಚ, ಹಳೇ ಕ್ಯಾಲೆಂಡರು, ತುಕ್ಕ ಹಿಡದ ಡಬ್ಬಿ ಎಲ್ಲಾ ನನ್ನ ಕಡಿಂದ ಹೊರಸಿ ಒಗಸಿದಿ. "ಮಂದಿ ಸಾಮಾನು ಮನ್ಯಾಗ ಇರಬಾರದು, ಮೊದಲ ಕಸಾ ಹೊಡೀರಿ, ಸುಣ್ಣಾ ಹಚ್ಚರಿ, ಆಮ್ಯಾಲ ಹಾಲು ಉಕ್ಕಸೂಣು" ಅಂದಾಕಿ ನೀನ.

ಸುವರ್ಣಾ: ಮಂಚ ಒಗೀರಿ ಅಂದಿದ್ದೆ. ಗ್ವಾಡಿ, ಜಂತಿ ಕಿತ್ತು ಒಗೀರಿ ಅಂದಿದ್ನೇನು?

ಉಳವಪ್ಪ: ನಮ್ಮ ಉಗ್ರಾಣದಾಗ ವರ್ಷಗಟ್ಟಲೆ ಯಾರೂ ಮುಟ್ಟದ ಸಾಮಾನಿಗೆ ಕೆಂಪು ಚೀಟಿ ಹಚ್ಚತೇವಿ. ಯಾರೂ ಕೇಳಾಕ ಬರಲಿಲ್ಲೋ, ಗುಜರಿಗೆ. ಇಲ್ಲೂ ಹಂಗ. ಆ ಸಾಮಾನಿನ ಹೆಸರು ನಮ್ಮ ಮನ್ಯಾಗ ಯಾರ ಬಾಯಾಗರ ಒಂದು ಸಲ ಬಂದೈತೇನು?

ಸುವರ್ಣಾ: ನಿಮ್ಮ ಹೊಟ್ಟ್ಯಾಗ ಪಿತ್ತಕೋಶ ಐತಿ. ಎಂದರ ಅದರ ಹೆಸರು ತಗೊಂಡೀರೇನು? ಮುಟ್ಟಿ ನೋಡೀರೇನು? ಹಚ್ಚರಿ ಅದಕ್ಕೂ ಕೆಂಪು ಚೀಟಿ.

ಉಳವಪ್ಪ ಹೊಟ್ಟೆ ಸವರಿಕೊಂಡ. ಪಿತ್ತಕೋಶ ಯಾವ ಕಡೆಗೆ ಇರುತ್ತದೆಂದು ಅವನಿಗೆ ಖಾತ್ರಿ ಇರಲಿಲ್ಲ, ಹಾಗಾಗಿ ಎರಡೂ ಕಡೆ ಸವರಿಕೊಂಡ.

ಸುವರ್ಣಾ: ಅದು ಅಷ್ಟ ಸುಲಭ ಬಿಡೂದಿಲ್ಲಲ್ಲ? "ಖಾತ್ರಿ ಐತೇನು" ಅಂತ ಕೇಳಿರಬೇಕಲ್ಲ?

ಉಳವಪ್ಪ: ಕೇಳ್ತು. ಹೌದು ಅಂದೆ.

ಸುವರ್ಣಾ: ಆಮ್ಯಾಲ?

ಉಳವಪ್ಪ: ಮತ್ತ ಕೇಳ್ತು. ಮತ್ತ ಹೌದು ಅಂದೆ. ಗಳಿಗೆಗೊಂದು ಮಾತಾಡಾಕ ನಾ ಏನ್ ನಿಮ್ಮ ಅಣ್ಣನೇನು?

ಸುವರ್ಣಾ: ನಮ್ಮಣ್ಣನ್ನ ಬಿಡ್ರಿ. ಆಮ್ಯಾಲೇನಾತು?

ಉಳವಪ್ಪ: ಆಮ್ಯಾಲ ಅದಕ್ಕ ಸೊಕ್ಕ ಬಂತು. "ನಿಮಗ ಅಧಿಕಾರ ಇಲ್ಲ, ಮಾಲಕರ ಪರವಾನಗಿ ತಗೊಂಡು ಬರ್ರಿ" ಅಂತು. ನನ್ನ ಮನ್ಯಾಗ, ನನ್ನ ಕುರ್ಚಿ ಮ್ಯಾಲ ಕುಂತು, ನಾ ಯಾರ ಪರವಾನಗಿ ತರಲಿ?

ಸುವರ್ಣಾ: ನಂದು!

ಉಳವಪ್ಪ: ನೀ ಬಾಜೂ ಮನಿ ಹೊಳೆವ್ವನ ಕಡಿ ಹೋಗಿದ್ದಿ. ನಾ ಮೊಬೈಲ್‌ನಾಗ ವಿಡಿಯೋ ನೋಡಿ ಮಾಲಕನ್ನ ಬದಲಿ ಮಾಡಿದೆ. ಮೊದಲ ಯಾವನೋ ಇದ್ದ, ಬಾಯಾಗ ಹೊಳ್ಳದಂಥಾ ಹೆಸರು. ಅವನ್ನ ತಗದು "ಉಳವಪ್ಪ" ಅಂತ ಹಾಕಿದೆ. ಅಲ್ಲಿಂದ ಮುಂದ ಕಮಕ್ ಕಿಮಕ್ ಅನ್ನಲಿಲ್ಲ. ಬೆಣ್ಣ್ಯಾಗಿನ ಕೂದಲ ತಗದಂಗ ಎಲ್ಲಾ ಹೊಂಟವು. ಎಷ್ಟು ಚಂದ ಹೊಂಟವಂತಿ!

ಸುವರ್ಣಾ ತಲೆಗೆ ಕೈಹಚ್ಚಿ ಕುಳಿತಳು. ಹಳಿಯಾಳ ಕಡೆಯ ಚನಬಸಪ್ಪ ತನ್ನ ಮಗಳು ಉಮಾಶ್ರೀಯ ಲಗ್ನಪತ್ರಿಕೆ ಒಯ್ಯಲು ಇಂದೇ ಬರುವವನಿದ್ದ. ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಸಂಜೆಯ ಬಸ್ಸಿಗೆ ಹುಬ್ಬಳ್ಳಿಯ ಮುದ್ರಣಾಲಯಕ್ಕೆ ಹೋಗಬೇಕು. ತಡವಾದರೆ ಅಲ್ಲಿ ಬೇರೆ ಮದುವೆಗಳ ಸಾಲು. ಪತ್ರಿಕೆ ಅಂದರೆ ಎರಡು ಹೆಸರಿನ ಮಾತಲ್ಲ. ವಧು ವರರದು ಮೇಲೆ ಎರಡು ಸಾಲು. ಕೆಳಗೆ "ತಮ್ಮ ಸುಖಾಗಮನ ಬಯಸುವವರು" ಎಂದು ಇಡೀ ಊರು. ದೊಡ್ಡ ಕಾಕಾ ಕರಿಬಸಪ್ಪನ ಹೆಸರು ಮೇಲೋ, ಸಣ್ಣ ಕಾಕಾ ಸಿದ್ದಲಿಂಗನದು ಮೇಲೋ ಎಂಬ ಜಗಳ ಹದಿನೈದು ದಿನ ನಡೆದು, ನಿನ್ನೆಯಷ್ಟೇ ಇಬ್ಬರನ್ನೂ ಎಡಕ್ಕೊಬ್ಬ ಬಲಕ್ಕೊಬ್ಬ ನಿಲ್ಲಿಸಿ ಸುವರ್ಣಾ ಇತ್ಯರ್ಥ ಮಾಡಿದ್ದಳು. ಆ ರಾಜಿ ಇದ್ದದ್ದು ಈ ಕರಿ ಪರದೆಯ ಹಿಂದೆ.

ಸುವರ್ಣಾ: ನನ್ನ ಪತ್ರಿಕಿ ಮುಟ್ಟೀರೇನು?

ಉಳವಪ್ಪ: ಅದರ ಮ್ಯಾಲ ನಿನ್ನ ಹೆಸರು ಬರದಿತ್ತು. ನಿನ್ನ ಸಾಮಾನು ಮುಟ್ಟಾಕ ನನಗೇನ್ ಜೀವದ ಮ್ಯಾಲ ಆಶಾ ಇಲ್ಲೇನು?

ಬಸ್ ನಿಲ್ದಾಣದ ಬಳಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಜ್ಯೋತಿಬಾ ಕರೆ ಬಂದ ಕೂಡಲೇ ಬಂದ. ಅವನು ಕೆಲಸ ಸುರು ಮಾಡುವ ಮೊದಲು ಚಹಾ ಕುಡಿಯುತ್ತಾನೆ, ಚಹಾಕ್ಕಿಂತ ಮೊದಲು ಮಂದಿಯನ್ನು ಹಂಗಿಸುತ್ತಾನೆ.

ಜ್ಯೋತಿಬಾ: ಅರೇ ದೇವಾ! ಕಾಕಾ, ಯಾರ ಮ್ಯಾಲಿನ ಸಿಟ್ಟು ಇದು? ವೈರಸ್ ಹೊಕ್ಕಿದ್ದು ಎಷ್ಟೋ ನೋಡೇನಿ. ವೈರಸ್ಸಿಗೂ ಒಂದು ಮರ್ಯಾದಿ ಇರತೈತ್ರಿ. ಅದಕ್ಕ ಇರಾಕ ಮನಿ ಬೇಕಲ್ಲ, ಅದಕ ಗ್ವಾಡಿ ಕೆಡವೂದಿಲ್ಲ.

ಉಳವಪ್ಪ: ಅದೆಲ್ಲಾ ಇರಲಿ. ಜಾಗಾ ಎಷ್ಟ ಆತು, ಹೇಳು.

ಜ್ಯೋತಿಬಾ: ಜಾಗಾ? ಭರ್ಪೂರ ಆಗೇತ್ರಿ. ಸೂಪಾ ಡ್ಯಾಮಿನ ನೀರೆಲ್ಲಾ ಬಿಟ್ಟರ ಆಗತೈತಲ್ಲ, ಅಷ್ಟು.

ಉಳವಪ್ಪ: ಕೇಳಿದೇನ, ಸುವರ್ಣಾ? ತಿಳದಾಂವ ಹೇಳಾಕತ್ತಾನ.

ಸುವರ್ಣಾ: ಜ್ಯೋತಿಬಾ, ನಿನ್ನ ಕೈ ಮುಗೀತೇನಿ, ಚಹಾ ಆಮ್ಯಾಲ. ನನ್ನ ಪತ್ರಿಕಿ ಸಿಗತೈತೇನು?

ಜ್ಯೋತಿಬಾ: ಕಾಕು, ಕಾಕಾ ಕಿತ್ತದ್ದು ಬುನಾದಿ. ನಿಮ್ಮ ಕಪಾಟು ಒಳಗ ಇದ್ರ ಇರತೈತಿ. ಆದ್ರ ಹೋಗೂ ದಾರಿ ಇಲ್ಲ. ಅದಕ ನಾ ಈ ಪೆನ್‌ಡ್ರೈವ್‌ನಿಂದ ಮಿಷಿನ್ ಚಾಲೂ ಮಾಡತೇನಿ. ಒಳಗ ಹೊಕ್ಕು ಮೊದಲ ನಿಮ್ಮ ಫೈಲು ಹೊರಗ ತಗೀತೇನಿ. ಬುನಾದಿ ಆಮ್ಯಾಲ ಹೊಸಾದು ಹಾಕಿದ್ರಾತು.

ಉಳವಪ್ಪ: ತಡಿ ತಡಿ. ಇಷ್ಟ ಸಣ್ಣ ಕಡ್ಡೀಲೆ ಮಿಷಿನ್ ಚಾಲೂ ಆಗತೈತಿ?

ಜ್ಯೋತಿಬಾ: ಆಗತೈತ್ರಿ.

ಉಳವಪ್ಪ: ಹಂಗಾರ ಒಳಗ ಅಷ್ಟೆಲ್ಲಾ ಸಾಮಾನು ಯಾಕ ಬೇಕಾಗಿತ್ತು? ನಾ ಒಗದದ್ದು ಬರೋಬರಿ ಅಂದಂಗಾತಲ್ಲ!

ಜ್ಯೋತಿಬಾ: ಕಾಕಾ, ದವಾಖಾನ್ಯಾಗ ರೋಗಿಗೆ ಸಲೈನ್ ಹಚ್ಚಿ ಮಲಗಿಸಿರತಾರ. ಅಂವ ಉಸರಾಡತಾನ ಅಂತ ಮನ್ಯಾಗಿನ ಒಲಿ ಕಿತ್ತು ಒಗೀತೀರೇನು?

ಉಳವಪ್ಪ: ಒಲಿ ಯಾರದು? ನಮ್ಮದೋ, ಹಿಂದಿನವ್ರದೋ?

ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಕಿಟಕಿಯಲ್ಲಿ ಬಗ್ಗಿ ನೋಡಿದ ಸುವರ್ಣಾಳ ಮುಖ ಇಳಿಯಿತು. ಚನಬಸಪ್ಪ ಬಂದೇಬಿಟ್ಟಿದ್ದ.

ಸುವರ್ಣಾ: ರೀ, ಹೊರಗ ಹೋಗ್ರಿ. ಅವ್ರನ್ನ ಕುಂದರಿಸಿ ಮಾತಾಡಸ್ರಿ. ಮಳಿ, ಬೆಳಿ, ಎಮ್ಮಿ, ಏನರ ಮಾತಾಡ್ರಿ. ಪತ್ರಿಕಿ ಒಂದು ಬಾಯಾಗ ತರಬ್ಯಾಡ್ರಿ.

ಉಳವಪ್ಪ: ಇಷ್ಟನ? ಉಗ್ರಾಣಕ್ಕ ಸಾಮಾನು ಕೇಳಾಕ ಬಂದವ್ರನ್ನ ದಿನಾ ಕುಂದರಸತೇನಿ ನಾ.

ಜಗುಲಿಯಲ್ಲಿ ಚನಬಸಪ್ಪ ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಳ್ಳುತ್ತ ಕುಳಿತ. ಉಳವಪ್ಪ ಎದುರಿಗೆ ಕುಳಿತು ಗಂಟಲು ಸರಿ ಮಾಡಿಕೊಂಡ.

ಉಳವಪ್ಪ: ಮತ್ತ, ಚನಬಸಪ್ಪಣ್ಣಾರ? ಮಳಿ ಹೆಂಗೈತ್ರಿ?

ಚನಬಸಪ್ಪ: ಮಳಿ ಐತ್ರಿ.

ಉಳವಪ್ಪ: ಬೆಳಿ?

ಚನಬಸಪ್ಪ: ಬೆಳೀನೂ ಐತಿ. ಪತ್ರಿಕಿ ತಯಾರ ಐತೇನ್ರಿ?

ಉಳವಪ್ಪ: ಪತ್ರಿಕಿ ಮಾತ ಎತ್ತಬ್ಯಾಡ ಅಂದಾಳ್ರಿ. ಎಮ್ಮಿ ಹೆಂಗ ಅದಾವ?

ಚನಬಸಪ್ಪ: ಯಾಕ? ಪತ್ರಿಕಿಗೆ ಏನಾತು?

ಉಳವಪ್ಪ: ಪತ್ರಿಕಿಗೆ ಏನೂ ಆಗಿಲ್ರಿ. ಪತ್ರಿಕಿ ಐತಿ. ಅದು ಇದ್ದ ಮನಿ ಇಲ್ಲ.

ಸುವರ್ಣಾ ಓಡಿ ಹೊರಗೆ ಬಂದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

ಸುವರ್ಣಾ: ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಇವ್ರು ಕಂಪ್ಯೂಟರ್ ಕಸಾ ಹೊಡದಾರ. ಎಲ್ಲಾ ಬಂದ್ ಬಿದ್ದೈತಿ. ಒಳಗ ತಗ್ಯಾಕ ನೋಡಾಕತ್ತಾರ, ಆದ್ರ ಖಾತ್ರಿ ಹೇಳಾಕ ಬರೂದಿಲ್ಲ.

ಚನಬಸಪ್ಪ: ಹೋತು ಅಂತೀಯೇನವಾ?

ಸುವರ್ಣಾ: ಹೋಗಿದ್ರೂ ಹೋಗಿರಬಹುದ್ರಿ.

ಚನಬಸಪ್ಪ: ಹೆಸರು? ಎಲ್ಲಾ?

ಸುವರ್ಣಾ: ಎಲ್ಲಾರಿ.

ಚನಬಸಪ್ಪ: ಕರಿಬಸಪ್ಪ ಕಾಕಾಂದು?

ಸುವರ್ಣಾ: ಹೂನ್ರಿ.

ಚನಬಸಪ್ಪ: ಸಿದ್ದಲಿಂಗ ಕಾಕಾಂದು? ನೀಲಕ್ಕಂದು? ನೀಲಕ್ಕನ ಮೊಮ್ಮಕ್ಕಳು "ನಮ್ಮ ಚಿಗವ್ವನ ಲಗ್ನಕ್ಕ ಬರ್ರಿ" ಅಂದದ್ದು?

ಸುವರ್ಣಾ: ತಪ್ಪಾತ್ರಿ ಅಣ್ಣಾರ...

ಚನಬಸಪ್ಪ ಎದ್ದು ನಿಂತ. ಸುವರ್ಣಾ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ನೇರವಾಗಿ ಉಳವಪ್ಪನ ಬಳಿಗೆ ಹೋಗಿ ಅವನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ.

ಚನಬಸಪ್ಪ: ಎಂಥಾ ಪುಣ್ಯಾತ್ಮ ಅದೀರಿ! ಉಳವಿ ಚನ್ನಬಸವಣ್ಣನ ನಿಮ್ಮ ರೂಪದಾಗ ಬಂದಂಗಾತು. ಮುಂಜಾನೆ ಪಾಳಾ ಊರಿನ ಬೀಗರ ಫೋನು. ವರನ ಕಡೆ ಮಹಾದೇವಕ್ಕನ ಹೆಸರು ಎಲ್ಲಾರಕಿಂತ ಮ್ಯಾಲ ಇರಬೇಕಂತ. ಅದು ಮುಗೀತು ಅನ್ನೂದ್ರಾಗ ಕರಿಬಸಪ್ಪ ಕಾಕಾ ಬಂದ. "ನನ್ನ ಬಲಕ್ಕ ಹಾಕೀದಿ. ಓದೂದು ಎಡದಿಂದ. ಅಂದ್ರ ಮಂದಿ ಮೊದಲ ಅವನ್ನ ಓದತಾರ. ಲಗ್ನಕ್ಕ ಅಕ್ಕಿಕಾಳು ಹಾಕಾಕ ನಾ ಬರೂದಿಲ್ಲ" ಅಂದ. ಈಗ ಹೋತಲ್ಲ! ಎಲ್ಲಾರದೂ ಹೋತು! ಹುಡುಗ, ಹುಡುಗಿ, ಅವರ ಅವ್ವ ಅಪ್ಪ, ಕೆಳಗ "ಸಮಸ್ತ ಬಂಧುಗಳು" ಅಂತ ಒಂದ ಸಾಲು ಹಾಕ್ರಿ. ಕಂಪ್ಯೂಟರ್ ಸತ್ತಿತು, ವ್ಯಾಳ್ಯಾ ಇರಲಿಲ್ಲ ಅಂತ ಎಲ್ಲಾರಿಗೂ ಹೇಳಿಬಿಡತೇನಿ.

ಉಳವಪ್ಪ ಹೆಂಡತಿಯ ಕಡೆ ತಿರುಗಿ ಎದೆ ಉಬ್ಬಿಸಿದ. ಉಬ್ಬಿದ ಎದೆ ಇನ್ನೂ ಇಳಿದಿರಲಿಲ್ಲ, ಒಳಗಿನಿಂದ ಕೂಗು ಕೇಳಿತು.

ಜ್ಯೋತಿಬಾ: ಕಾಕು! ಸಿಕ್ತು! ಒಂದು ಅಕ್ಷರ ಹೋಗಿಲ್ಲ! ಕರಿಬಸಪ್ಪ ಬಲಕ್ಕ, ಸಿದ್ದಲಿಂಗ ಎಡಕ್ಕ, ಎಲ್ಲಾರೂ ನಿಂತಾರ ನೋಡ್ರಿ!

ಚನಬಸಪ್ಪ ಉಳವಪ್ಪನ ಕೈ ಬಿಟ್ಟ.

ಚನಬಸಪ್ಪ: ಯಾರಂವ?

ಸುವರ್ಣಾ: ರಿಪೇರಿ ಮಾಡಾವ್ರಿ. ಬಾಳ ಹುಷಾರದಾನ.

ಚನಬಸಪ್ಪ: ಅಷ್ಟು ಹುಷಾರಿ ಇರಬಾರದು ನೋಡವಾ. ಉಳವಪ್ಪಣ್ಣಾರ, ನೀವು ಹಿಡದ ಕೆಲಸಾ ಅರ್ಧಕ್ಕ ಬಿಡಾವ್ರಲ್ಲ. ಇನ್ನೊಮ್ಮೆ ಒಳಗ ಹೋಗ್ರಿ. ಇನ್ನೊಮ್ಮೆ ಕಸಾ ಹೊಡೀರಿ.

ಉಳವಪ್ಪ: ಆಗೂದಿಲ್ರಿ. ಮುಂಜಾನಿಂದ ಬೈಸಿಕೊಂಡೇನಿ. ಇನ್ನ ಮ್ಯಾಲ ಪರವಾನಗಿ ಇಲ್ಲದ ನಾ ಒಂದು ಅಕ್ಷರ ಮುಟ್ಟೂದಿಲ್ಲ.

ಚನಬಸಪ್ಪ: ಯಾರ ಪರವಾನಗಿ?

ಉಳವಪ್ಪ ಗದ್ದ ಎತ್ತಿ ಸುವರ್ಣಾಳನ್ನು ತೋರಿಸಿದ. ಬಾಗಿಲಲ್ಲಿ ಬಂದು ನಿಂತ ಜ್ಯೋತಿಬಾನೂ ಅವಳನ್ನೇ ನೋಡಿದ. ಸುವರ್ಣಾ ಸೆರಗು ಸರಿ ಮಾಡಿಕೊಂಡು ಅಲ್ಲಿದ್ದ ಒಂದೇ ಕುರ್ಚಿಯ ಮೇಲೆ ಕುಳಿತಳು.

ಸುವರ್ಣಾ: ಅಳಸೂದು ಏನೂ ಬ್ಯಾಡ. ನನ್ನ ಹದಿನೈದು ದಿನದ ಕೆಲಸಾ ಅದು. ನನ್ನ ಕಡಿನ ಇರಲಿ, ಯಾರಿಗೂ ತೋರಸೂದಿಲ್ಲ. ಅಣ್ಣಾರ, ನಿಮ್ಮ "ಸಮಸ್ತ ಬಂಧುಗಳು" ಪತ್ರಿಕಿ ಜ್ಯೋತಿಬಾನ ಅಂಗಡ್ಯಾಗ ಕುಂತು ಈಗ ಹೊಂದಿಸಿಕೊಡತೇನಿ. ಬಸ್ಸು ಸಿಗತೈತಿ. ಹಳೇದು ಹೋತು ಅಂತ ಹೇಳ್ರಿ, ಸಾಕು.

ಚನಬಸಪ್ಪ: ಮತ್ತ ಕರಿಬಸಪ್ಪ ಕಾಕಾ ಬೈಯಾಕ ಬಂದ್ರ?

ಸುವರ್ಣಾ: ಇವ್ರ ಹೆಸರು ಹೇಳ್ರಿ.

ಉಳವಪ್ಪ: ಅಂದ್ರ? ಅವ್ರ ಮನತನದ ಬೈಗಳ ಎಲ್ಲಾ ನನಗ?

ಸುವರ್ಣಾ: ಮಾಲಕ ಉಳವಪ್ಪ ಅಂತ ನೀವ ಹಾಕಿಕೊಂಡೀರಲ್ಲ.

ಚನಬಸಪ್ಪ: ಅದೇನೋ ಸರಿ. ಆದ್ರ ಕರಿಬಸಪ್ಪ ಕಾಕಾ ಶಾಣ್ಯಾ ಅದಾನವಾ. ಸುಳ್ಳು ಅಂದ್ರ ಏನ್ ಹೇಳಲಿ?

ಸುವರ್ಣಾ: ರಜಾ ದಿನಾ ನಮ್ಮನಿಯವ್ರು ಮನ್ಯಾಗಿದ್ರು ಅನ್ರಿ. ನಂಬಲಿಲ್ಲಂದ್ರ ನನ್ನ ಕಡಿ ಕಳಸ್ರಿ. ಇವ್ರು ಬಿಚ್ಚಿದ ಮಿಕ್ಸರ್ ಇನ್ನೂ ಕಪಾಟಿನ ಮ್ಯಾಲ ಐತಿ, ತೋರಸತೇನಿ.