ಪೈಪು ಉಜ್ಜಿಸಿದವರು ಯಾರು?

ಸ್ಟೋರ್‌ಕೀಪರ್: ನಾನು ಇದಕ್ಕೆ ಸಹಿ ಹಾಕಲ್ಲ ಸಾರ್.

ಮ್ಯಾನೇಜರ್: ಹಾಕದೆ ಏನ್ರೀ ಮಾಡ್ತೀರಿ? ಓದಿ ನೋಡಿ. 'ನನ್ನ ಅಜಾಗರೂಕತೆಯಿಂದ ನಲವತ್ತು ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳಿಗೆ ತುಕ್ಕು ಹಿಡಿದಿದೆ.' ಎಷ್ಟು ಚೊಕ್ಕವಾಗಿ ಬರೆಸಿದ್ದೀನಿ, ಒಂದು ತಪ್ಪಿಲ್ಲ.

ಸ್ಟೋರ್‌ಕೀಪರ್: ಮೊದಲನೇ ಪದವೇ ತಪ್ಪು ಸಾರ್.

ಇಪ್ಪತ್ತೆರಡು ವರ್ಷ ಆ ಗೋದಾಮಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ ಮನುಷ್ಯ ಈ ಸ್ಟೋರ್‌ಕೀಪರ್. ನಿವೃತ್ತಿಗೆ ಇನ್ನು ಎಂಟೇ ತಿಂಗಳು. ಈ ಕಾಗದಕ್ಕೆ ಸಹಿ ಬಿದ್ದರೆ ನಾಳೆಯೇ ಮನೆಗೆ, ಅದೂ ಕೆಟ್ಟ ಹೆಸರು ಹೊತ್ತು. ಮನೆಯಾಕೆಗೆ ಯಾವ ಮುಖ ತೋರಿಸುವುದು? ಅಷ್ಟಾದರೂ 'ಸಾರ್' ಅನ್ನುವುದನ್ನು ಮಾತ್ರ ಬಿಟ್ಟಿರಲಿಲ್ಲ, ಪುಣ್ಯಾತ್ಮ.

ಮ್ಯಾನೇಜರ್: ಪೈಪು ಎಲ್ಲಿತ್ತು ಹೇಳಿ?

ಸ್ಟೋರ್‌ಕೀಪರ್: ಅಂಗಳದಲ್ಲಿ, ಮಳೇಲಿ, ಹಳೇ ಕಬ್ಬಿಣದ ರಾಶಿ ಮೇಲೆ. ಶೆಡ್ಡೊಳಗೆ ಮರದ ಹಲಗೆ ಹಾಕಿ ಇಡೋಣ, ಕಬ್ಬಿಣ ತಾಗೋದು ಬೇಡ, ಎರಡೂ ಬಾಯಿಗೆ ಮುಚ್ಚಳ ಹಾಕೋಣ ಅಂತ ಬಾಯಿ ಬಡ್ಕೊಂಡೆ.

ಮ್ಯಾನೇಜರ್: ಶೆಡ್ಡಲ್ಲಿ ಜಾಗ ಎಲ್ಲಿದೆ?

ಸ್ಟೋರ್‌ಕೀಪರ್: ನಿಮ್ಮ ಕಾರಿದೆ ಸಾರ್.

ಮ್ಯಾನೇಜರ್: ಮತ್ತೆ? ಕಾರು ಮಳೇಲಿ ನೆನೆದ್ರೆ ತುಕ್ಕು ಹಿಡಿಯಲ್ವಾ? ಸ್ವಲ್ಪ ತಲೆ ಓಡಿಸಿ. ಕಾರು ಬರೀ ತಗಡು, ಇದು ಸ್ಟೇನ್‌ಲೆಸ್ಸು. ನಮ್ಮ ಮನೆ ಲೋಟ ಹದಿನೈದು ವರ್ಷದಿಂದ ನೀರಲ್ಲೇ ಇದೆ, ಒಂದು ಕಲೆ ಇಲ್ಲ.

ಸ್ಟೋರ್‌ಕೀಪರ್: ಆ ಲೋಟಾನ ಕಬ್ಬಿಣದ ತಂತಿ ಬ್ರಷ್ಷಲ್ಲಿ ಉಜ್ತಾರಾ?

ಮ್ಯಾನೇಜರ್: ಅದ್ಯಾಕೆ ಉಜ್ತಾರೆ?

ಸ್ಟೋರ್‌ಕೀಪರ್: ಪೈಪನ್ನ ಹೋದ ವಾರ ಅದರಲ್ಲೇ ಉಜ್ಜಿಸಿದ್ರಲ್ಲ. ಬ್ರಷ್ಷಿನ ಕಬ್ಬಿಣದ ಪುಡಿ ಪೈಪಿಗೆ ಮೆತ್ಕೊಂಡು, ಅದೇ ಈಗ ತುಕ್ಕಾಗಿರೋದು.

ಮ್ಯಾನೇಜರ್: ನೋಡಿ, ಹೊಳಪು ಬಂದಿದ್ದು ನನ್ನಿಂದ, ತುಕ್ಕು ಬಂದಿದ್ದು ನಿಮ್ಮಿಂದ. ಕೆಲಸ ಹಂಚ್ಕೊಂಡು ಮಾಡೋದು ಅಂದ್ರೆ ಇದೇ.

ಅಷ್ಟರಲ್ಲಿ ಪೈಪು ಕೊಳ್ಳಲಿದ್ದ ಹಾಲಿನ ಕಾರ್ಖಾನೆಯಿಂದ ಇನ್‌ಸ್ಪೆಕ್ಟರ್ ಬಂದೇಬಿಟ್ಟರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಕುರ್ಚಿ ಬೇಡವೆಂದು ನೇರ ಅಂಗಳಕ್ಕೆ ನಡೆದು, ಪೈಪಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬೆರಳಾಡಿಸಿದರು. ಬೆರಳು ಕೆಂಪಗಾಯಿತು.

ಇನ್‌ಸ್ಪೆಕ್ಟರ್: ನಲವತ್ತನ್ನೂ ಒಂದೇ ಸಮ ಉಜ್ಜಿದ್ದಾರೆ, ಒಂದಿಂಚೂ ಬಿಟ್ಟಿಲ್ಲ. ಇಷ್ಟು ಶ್ರದ್ಧೆಯಿಂದ ಯಾರು ಮಾಡಿಸಿದ್ದು?

'ಶ್ರದ್ಧೆ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮ್ಯಾನೇಜರ್ ಮುಖ ಊರಗಲವಾಯಿತು. ಸಹಿ ಹಾಕಬೇಕಾಗಿದ್ದ ಆಸಾಮಿಯನ್ನು ಮೊಣಕೈಯಿಂದ ತಳ್ಳಿ ಮುಂದೆ ಬಂದರು.

ಮ್ಯಾನೇಜರ್: ನಾನೇ ಮೇಡಂ. ಎರಡು ದಿನ ಎದುರಿಗೆ ನಿಂತು ಮಾಡಿಸಿದೆ, ಊಟಕ್ಕೂ ಹೋಗಲಿಲ್ಲ.

ಇನ್‌ಸ್ಪೆಕ್ಟರ್: ಸ್ಟೋರ್‌ಕೀಪರ್ ಹೇಳಿದ್ರಾ, ಹೀಗೆ ಮಾಡಿ ಅಂತ?

ಮ್ಯಾನೇಜರ್: ಇವರಾ? ಮೂರು ಸಲ ಬಂದು ಬೇಡ ಬೇಡ ಅಂತ ಅಡ್ಡಗಾಲು ಹಾಕಿದ್ರು. ನಾನು ಜಗ್ಗೋ ಆಸಾಮಿನಾ?

ಇನ್‌ಸ್ಪೆಕ್ಟರ್: ಅಂಗಳದಲ್ಲಿ ಇಡಿಸಿದ್ದು?

ಮ್ಯಾನೇಜರ್: ಅದೂ ನಾನೇ, ಗಾಳಿ ಬೆಳಕು ಆಡಲಿ ಅಂತ. ಇವರ ಕೈಗೆ ಬಿಟ್ಟಿದ್ರೆ ಒಳಗೆ ಕೂಡಿಹಾಕಿ, ಮುಚ್ಚಳ ಜಡಿದು, ಉಸಿರು ಕಟ್ಟಿಸಿಬಿಡ್ತಿದ್ರು.

ಸ್ಟೋರ್‌ಕೀಪರ್ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ತಮ್ಮ ಪರವಾಗಿ ಇಷ್ಟು ಅಚ್ಚುಕಟ್ಟಾಗಿ ಯಾರೂ ಮಾತಾಡಿರಲಿಲ್ಲ. ನಡುವೆ ಬಾಯಿ ಹಾಕಿ ಕೆಡಿಸುವುದು ಬೇಡವೆಂದು ತೆಪ್ಪಗೆ ನಿಂತರು. ಇನ್‌ಸ್ಪೆಕ್ಟರ್ ಹಾಳೆಯ ಮೇಲೆ 'ಎಲ್ಲವೂ ತಿರಸ್ಕೃತ' ಎಂದು ಬರೆಯುತ್ತಿದ್ದದ್ದು ಅವರು ನಿಂತ ಜಾಗದಿಂದ ಚೆನ್ನಾಗಿ ಕಾಣುತ್ತಿತ್ತು.

ಇನ್‌ಸ್ಪೆಕ್ಟರ್: ನಿಮ್ಮ ಮಾಲೀಕರಿಗೆ ಇವತ್ತೇ ಇದನ್ನ ಕಳಿಸ್ತೀನಿ. ಇದೆಲ್ಲಾ ನಿಮ್ಮೊಬ್ಬರಿಂದಲೇ ಆಗಿದ್ದು ಅಂತ ಬರೀಲಾ?

ಮ್ಯಾನೇಜರ್: ಧಾರಾಳವಾಗಿ ಬರೀರಿ.

ಇನ್‌ಸ್ಪೆಕ್ಟರ್: ಮ್ಯಾನೇಜರ್ ಅಂತ ಹಾಕಿದ್ದೀನಿ, ಸಾಕಲ್ವಾ?

ಮ್ಯಾನೇಜರ್: 'ಹಿರಿಯ ಮ್ಯಾನೇಜರ್' ಅಂತ ತಿದ್ದಿಬಿಡಿ ಮೇಡಂ. ಇಲ್ದಿದ್ರೆ ಮಾಲೀಕರು ಇನ್ಯಾರೋ ಮಾಡಿದ್ದು ಅಂದ್ಕೊಂಡುಬಿಡ್ತಾರೆ.